ಮೋಡ ಹುಟ್ಟುವ ಮೊದಲೇ ಅಳೆದವಳು

ನಮ್ಮ ಮೊಮ್ಮಗಳು ರೂಪಾ ನಿನ್ನೆ ಪಿಎಚ್‌ಡಿ ಪಾಸಾದಳು. ಬೀದಿಯಲ್ಲಿ ಎದುರಾದವರಿಗೆಲ್ಲ ಹೇಳಿಯಾಯಿತು, ಇನ್ನೂ ಹೇಳಬೇಕು ಅನ್ನಿಸುತ್ತಿದೆ.

ಗೇಟು ದಾಟಿದ ಕೂಡಲೇ ಕತ್ತೆತ್ತಿ ನಡೆಯುವ ಹುಡುಗಿ ಅವಳು. ಬ್ಯಾಟರಾಯನಪುರದ ನಮ್ಮ ರಸ್ತೆಯಲ್ಲಿ ಕಣ್ಣು ಗುಂಡಿಗಳ ಮೇಲಿರಬೇಕು, ಅವಳದು ಆಕಾಶದಲ್ಲಿ. ಒಮ್ಮೆ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅವರಮ್ಮನದು ಮೆಟ್ಟಿಕೊಂಡು ಯಶವಂತಪುರದವರೆಗೆ ಹೋಗಿ ಬಂದಿದ್ದಳು.

ಮೂರನೇ ಕ್ಲಾಸು ದಾಟದ ನನಗೆ ತನ್ನ ಓದನ್ನು ಅಡುಗೆಮನೆಯಲ್ಲಿ ಕೂತು ತಿಳಿಸಿದ್ದಳು. “ಕೆಳಗಿನ್ ಗಾಳಿ ಬಿಸಿಯಾಗಿ ಹಸಿಯಾಗಿದ್ದು, ಮೇಲಿಂದು ತಣ್ಣಗಿದ್ರೆ, ಕೆಳಗಿಂದು ಸುಮ್ನೆ ಕೂರಲ್ಲ ಅಜ್ಜಿ. ಒಂದ್ಸಲ ಎದ್ರೆ ಏಳ್ತಾನೇ ಹೋಗುತ್ತೆ. ಗುಡುಗು ಸಿಡಿಲು ಎಲ್ಲ ಅಲ್ಲಿಂದ್ಲೇ.” ಆ ಗಾಳಿ ಎಷ್ಟು ಏಳಬಲ್ಲದು ಎಂಬುದನ್ನು, ಮೋಡ ಹುಟ್ಟುವ ಮೊದಲೇ, ಉಪಗ್ರಹ ಕಂಡದ್ದರ ಮೇಲಿಂದ ಅಳೆಯುವುದು ಅವಳ ಕೆಲಸ. ಗಾಳಿಯ ಒಂದೊಂದು ಮಹಡಿಯಿಂದ ಹೊರಡುವ ಕಾವನ್ನು ಅದು ಅಷ್ಟು ದೂರದಿಂದ ಹಿಡಿಯುತ್ತದಂತೆ. ಹಣೆ ಮುಟ್ಟದೆ ನಾನು ಮಗುವಿನ ಜ್ವರ ಹೇಳಲಾರೆ.

ನೆಲಕ್ಕೆ ಹತ್ತಿರದ ಗಾಳಿ ಮಾತ್ರ ಉಪಗ್ರಹಕ್ಕೆ ಅಷ್ಟು ಸರಿಯಾಗಿ ಸಿಕ್ಕುವುದಿಲ್ಲವಂತೆ. ತಾಳೆ ನೋಡಲು ಬಿಸಿಯನ್ನೂ ತೇವವನ್ನೂ ಅಳೆಯುವ ಪುಟ್ಟ ಯಂತ್ರವನ್ನು ನಮ್ಮ ತಾರಸಿಯಲ್ಲಿ ಇಟ್ಟಳು. ಕಳೆದ ಬೇಸಿಗೆಯಲ್ಲಿ ಎರಡರ ಲೆಕ್ಕವೂ ತಾಳೆಯಾಗಲೇ ಇಲ್ಲ. ಉಪಗ್ರಹ ಒಣ ಎಂದರೆ ತಾರಸಿ ಒದ್ದೆ ಎನ್ನುತ್ತಿತ್ತು. ಗೈಡು ಮೇಷ್ಟ್ರು ಮೊದಲಿನಿಂದ ಮಾಡು ಎಂದರಂತೆ. ನಾಲ್ಕು ವರ್ಷದ ಓದು ಹೋಯಿತೆಂದು ಹುಡುಗಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಕೊನೆಗೊಂದು ಬೆಳಿಗ್ಗೆ ಯಂತ್ರದ ಪಕ್ಕದಲ್ಲೇ ಹೋಗಿ ಕೂತಳು. ಅದು ಸಂಡಿಗೆ ಇಡುವ ಕಾಲ. ನಾನು ಎಂದಿನಂತೆ ಕೊಡಗಟ್ಟಲೆ ನೀರು ಸುರಿದು ತಾರಸಿ ತೊಳೆದು, ಯಂತ್ರದ ಸುತ್ತಲೂ ಬಟ್ಟೆ ಹಾಸಿ ಹಸಿ ಸಂಡಿಗೆ ಇಡತೊಡಗಿದೆ.

“ದಿನಾ ಇಲ್ಲೇ ಇಡ್ತೀಯಾ ಅಜ್ಜಿ?”

“ಊಂ ಕಣೇ. ಇದ್ರ ದೀಪ ಮಿಣಮಿಣ ಅಂತದೆ, ಕಾಗೆ ಅತ್ರ ಬರಾಕಿಲ್ಲ.”

ರೂಪಾ ತಲೆಯ ಮೇಲೆ ಕೈಯಿಟ್ಟು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಉಪಗ್ರಹ ಹೇಳಿದ್ದೇ ಸರಿಯಿತ್ತು. ತಾರಸಿಯನ್ನು ಒದ್ದೆ ಮಾಡಿದ್ದು ನಾನು. ನನಗೆ ಅರ್ಥವಾದಾಗ ಹಾಸಿದ್ದ ಬಟ್ಟೆ ಎತ್ತತೊಡಗಿದೆ. ಇನ್ನು ಸಂಡಿಗೆಯೇ ಬೇಡ ಎಂದೆ. “ನೀನ್ ಇಡು. ಕೇಳ್ದೆ ನಿನ್ ಜಾಗಕ್ಕೆ ಬಂದಿದ್ದು ನಾನು” ಎಂದು ಯಂತ್ರವನ್ನು ಎತ್ತಿಕೊಂಡು ಹೋಗಿ ಸೋಲದೇವನಹಳ್ಳಿಯ ಒಂದು ಬಯಲಲ್ಲಿ ನೆಟ್ಟಳು. ಅಲ್ಲಿಂದ ಎರಡರ ಲೆಕ್ಕವೂ ತಾಳೆಯಾಯಿತು.

ನಿನ್ನೆ ಸಂಜೆ ಮನೆಯವರೆಲ್ಲ ನಡುಮನೆಯಲ್ಲಿ ಕೂತು ಬಸ್ಸಾರು, ಮುದ್ದೆ ಉಣ್ಣುವಾಗ ಅವಳ ಜೊತೆ ಹೋಗಿದ್ದ ನನ್ನ ಮಗ ಪರೀಕ್ಷೆಯಲ್ಲಿ ನಡೆದದ್ದನ್ನು ಹೇಳಿದ. ಕಳೆದ ಬೇಸಿಗೆಯ ಕೆಲವು ದಿನಗಳ ಲೆಕ್ಕ ಯಾಕೆ ಬಿಟ್ಟಿದ್ದೀರಿ ಎಂದು ಪರೀಕ್ಷೆ ಮಾಡುವವರು ಕೇಳಿದರಂತೆ. ಯಂತ್ರ ಇಟ್ಟ ಜಾಗವನ್ನು ತಾನು ಸರಿಯಾಗಿ ನೋಡಿರಲಿಲ್ಲ, ತಪ್ಪು ತನ್ನದೇ ಎಂದಳಂತೆ ರೂಪಾ. ಅಜ್ಜಿಯ ಸುದ್ದಿಯನ್ನೇ ಎತ್ತಲಿಲ್ಲವಂತೆ.

ನನ್ನ ತುತ್ತು ಕೈಯಲ್ಲೇ ನಿಂತಿತು. ರೂಪಾ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, “ಉಣ್ಣಜ್ಜಿ, ಆರೋಗುತ್ತೆ” ಎಂದಳು. ಅವಳ ಪಕ್ಕದಲ್ಲಿ ಕೂತು, ಎಲ್ಲರ ಜೊತೆ, ಹೊಟ್ಟೆ ತುಂಬ ಉಂಡೆ.