ಮಾಯಿಲಪ್ಪನವರು ಕಲಿಸಿದ ವಾಚು

ಬೆಳ್ಳಾರೆ ಪೇಟೆಯಲ್ಲಿ ಮನೋರಮಾ ಡಾಕ್ಟರರ ಕ್ಲಿನಿಕ್ಕಿಗೆ ಬಂದವರ ಬಿಪಿ ನೋಡುವ ಕೆಲಸ ಮೂವತ್ತೊಂದು ವರ್ಷಗಳಿಂದ ಕಂಪೌಂಡರ್ ಮಾಯಿಲಪ್ಪನವರದ್ದು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಸ್ಟೆತಾಸ್ಕೋಪ್ ಕಿವಿಗಿಟ್ಟು ಅವರು ಪಾದರಸ ಇಳಿಯುವುದನ್ನು ನೋಡುತ್ತಾ ಕೂತರೆ ಯಾರೂ ಮಾತಾಡುವಂತಿರಲಿಲ್ಲ. ಮೊದಲ ಬಡಿತ ಕೇಳಿಸಿದಲ್ಲಿ ಮೇಲಿನ ಅಂಕಿ, ಬಡಿತ ನಿಂತಲ್ಲಿ ಕೆಳಗಿನದ್ದು. ಅವರು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಡಾಕ್ಟರರು ಮತ್ತೊಮ್ಮೆ ಪರೀಕ್ಷಿಸಿದ್ದೇ ಇಲ್ಲ.

ಒಣಮೀನಿನ ಅಂಗಡಿಯ ಆದಂ ಕುಂಞಿ ಅಲ್ಲಿಯ ಹಳೆಯ ಪೇಶೆಂಟು. ಹೋದ ವರ್ಷ ಅವರ ಅಳಿಯ ದುಬೈಯಿಂದ ಬಿಪಿ ತೋರಿಸುವ ವಾಚು ತಂದುಕೊಟ್ಟ.

"ಇದಕ್ಕೆ ಮೊದ್ಲು ನಾವೇ ಕಲಿಸ್ಬೇಕಂತೆ ಮಾಯಿಲಪ್ಪಣ್ಣ. ನೀವು ತೋಳಿನಲ್ಲಿ ನೋಡಿ ಹೇಳಿದ್ದನ್ನು ಮೊಬೈಲಿಗೆ ಹಾಕುದು. ಮತ್ತೆ ಅದು ಅದ್ರ ಮೇಲೆಯೇ ಅಂದಾಜು ಮಾಡುದು. ತಿಂಗಳಿಗೊಮ್ಮೆ ಪುನಃ ಕಲಿಸ್ಬೇಕು," ಎಂದರು ಆದಂ ಕುಂಞಿ.

ಮಾಯಿಲಪ್ಪನವರು ಮೂರು ಸಲ ನೋಡಿ ಹೇಳಿದರು. ನೂರ ಮೂವತ್ತಾರರ ಆಸುಪಾಸು. ಅಂದಿನಿಂದ ವಾಚೂ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸತೊಡಗಿತು. "ನಮ್ಮ ಮಾಯಿಲಪ್ಪಣ್ಣನ ಕಿವಿಯೂ ದುಬೈ ವಾಚೂ ಒಂದೇ ಮಾರಾಯ್ರೆ" ಎಂದು ಆದಂ ಕುಂಞಿ ಮೀನು ಕೊಳ್ಳಲು ಬಂದವರಿಗೆಲ್ಲ ಮಣಿಕಟ್ಟು ಚಾಚಿ ತೋರಿಸುತ್ತಿದ್ದರು. ಇಂಥ ವಾಚುಗಳನ್ನು ನಂಬದ ಡಾಕ್ಟರರೂ ಎರಡೂ ತಾಳೆಯಾದದ್ದನ್ನು ಕಂಡು ಮಾತ್ರೆ ಬದಲಿಸಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಆದಂ ಕುಂಞಿ ತಕ್ಕಡಿಯ ಎದುರೇ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಜೀವ ಉಳಿಯಿತು, ಬಲಗೈ ಹೋಯಿತು, ಮಾತು ತೊದಲಿತು. ಮಂಗಳೂರಿನ ಆಸ್ಪತ್ರೆಯವರು ಹೃದಯದ ಗೋಡೆ ದಪ್ಪವಾಗಿದೆ, ವರ್ಷಗಟ್ಟಲೆ ಏರಿಯೇ ಇದ್ದ ಬಿಪಿ ಇದು ಎಂದು ಬರೆದು ಕಳುಹಿಸಿದರು.

"ಆ ವಾಚು ಸುಳ್ಳು ಹೇಳಿತು ಡಾಕ್ಟ್ರೇ," ಎಂದರು ಮಾಯಿಲಪ್ಪ.

ಡಾಕ್ಟರರು ಕಾಗದದಿಂದ ತಲೆ ಎತ್ತಲಿಲ್ಲ. "ಹಾಗಾದ್ರೆ ನಿಮ್ಮ ಚೀಟಿ? ಅದ್ರಲ್ಲಿಯೂ ಅಷ್ಟೇ ಉಂಟಲ್ಲ."

ಹೊರಗೆ ಬೆಂಚಿನಲ್ಲಿ ಕೂತಿದ್ದ ಮೂವರನ್ನು ಡಾಕ್ಟರರು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಮೊದಲು ಮಾಯಿಲಪ್ಪ ನೋಡಿದರು, ಆಮೇಲೆ ಅದೇ ತೋಳಿನಲ್ಲಿ ಡಾಕ್ಟರರು. ಮಾಯಿಲಪ್ಪನವರ ನೂರ ನಲವತ್ತು ಡಾಕ್ಟರರಿಗೆ ನೂರ ಅರವತ್ತಾರು. ಮೂವರಲ್ಲೂ ಅಷ್ಟಷ್ಟೇ ಅಂತರ.

"ಮೊದಲ ಬಡಿತ ನಿಮಗೆ ಕೇಳುದಿಲ್ಲ ಮಾಯಿಲಪ್ಪ. ಗಟ್ಟಿಯಾದ ಮೇಲೆಯೇ ಕೇಳುದು. ಅಷ್ಟರಲ್ಲಿ ಪಾದರಸ ಇಳಿದಿರ್ತದೆ."

ಮರುದಿನ ಪುತ್ತೂರಿನಲ್ಲಿ ಮಾಯಿಲಪ್ಪನವರ ಕಿವಿ ಪರೀಕ್ಷೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಕೈಗೊಂದು ಗುಂಡಿ ಕೊಟ್ಟು, ಶಬ್ದ ಕೇಳಿದಾಗಲೆಲ್ಲ ಒತ್ತಿ ಎಂದಳು ಅಲ್ಲಿಯ ಹುಡುಗಿ. ಅವರು ನಾಲ್ಕೈದು ಸಲ ಒತ್ತಿ, ಮುಂದಿನ ಶಬ್ದಕ್ಕಾಗಿ ಕಾದರು. ಹುಡುಗಿ ಬಂದು ಬಾಗಿಲು ತೆರೆದಳು.

"ಮುಗೀತು ಅಂಕಲ್. ನಾಲ್ಕೈದು ವರ್ಷದಿಂದ ಕಮ್ಮಿ ಆಗ್ತಾ ಬಂದಿರ್ಬೇಕು."

ಅಳು ಬರಬಹುದು ಎಂದುಕೊಂಡರು. ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಬನ್ಸ್ ತಿಂದರು. ರುಚಿ ಗೊತ್ತಾಗಲಿಲ್ಲ. ಬೆಳ್ಳಾರೆಯ ಬಸ್ಸು ಬಂತು, ಹತ್ತಿ ಕೂತರು. ಮನೆಯಲ್ಲಿ ಹೆಂಡತಿ ಲೋಲಾಕ್ಷಿ ಎರಡೆರಡು ಸಲ ಕೇಳಿದ ಮೇಲೆ "ವಯಸ್ಸಾಯ್ತಂತೆ" ಎಂದಷ್ಟೇ ಹೇಳಿದರು.

ಡಾಕ್ಟರರು ತೋಳಿಗೆ ಕಟ್ಟುವ ಕರೆಂಟಿನ ಮಿಷನ್ ತರಿಸಿದರು. ಬಿಪಿ ಮಾತ್ರೆ ನುಂಗುತ್ತಿದ್ದವರನ್ನೆಲ್ಲ ಮತ್ತೆ ಕರೆಸುವುದೆಂದಾಯಿತು. ಕಾರ್ಡುಗಳನ್ನು ಹೆಕ್ಕಿ ತೆಗೆದವರು, ಊರೂರಿಗೆ ಫೋನ್ ಮಾಡಿದವರು ಮಾಯಿಲಪ್ಪನವರೇ. ಹಲವರಿಗೆ ಮಾತ್ರೆ ಏರಿತು. ಅವರು ಪಟ್ಟಿ ಸುತ್ತಿದರು, ಮಿಷನ್ ತೋರಿಸಿದ್ದನ್ನು ಬರೆದರು.

"ತಪ್ಪು ನನ್ನದೂ ಉಂಟು," ಎಂದರು ಡಾಕ್ಟರರು ಒಂದು ದಿನ. "ಇಷ್ಟು ವರ್ಷದಲ್ಲಿ ನಾನೊಮ್ಮೆಯೂ ಕಿವಿ ಇಟ್ಟು ನೋಡ್ಲಿಲ್ಲ." ಮಾಯಿಲಪ್ಪ ಮುಂದಿನ ಕಾರ್ಡು ತೆಗೆದರು.

ಏಪ್ರಿಲಿನಲ್ಲಿ ಅವರು ಆದಂ ಕುಂಞಿಯ ಮನೆಗೆ ಹೋದರು. ಆದಂ ಕುಂಞಿ ಜಗಲಿಯ ಕುರ್ಚಿಯಲ್ಲಿದ್ದರು, ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಹೆಂಡತಿ ಪಾತು ಚಾ ತಂದಿಟ್ಟರು.

"ವಾಚಿಗೆ ತಪ್ಪು ಕಲಿಸಿದ್ದು ನಾನು ಮಾರಾಯ್ರೆ," ಎಂದರು ಮಾಯಿಲಪ್ಪ. "ನನಗೆ ಕಿವಿ ಕೇಳುದಿಲ್ಲ."

ಆದಂ ಕುಂಞಿ ಅವರ ಮುಖ ನೋಡಿ, ವಾರೆಯಾದ ಬಾಯಿಯಿಂದ ಏನೋ ಅಂದರು. ಮಾಯಿಲಪ್ಪನವರಿಗೆ ಅದು ಕೇಳಿಸಲಿಲ್ಲ. ಅವರು ಪಾತುವಿನತ್ತ ತಿರುಗಿದರು.

"ಚಾ ತಣಿತದೆ, ಕುಡೀರಿ ಅಂತ ಹೇಳಿದ್ದು," ಎಂದರು ಪಾತು.

ಮಾಯಿಲಪ್ಪ ಲೋಟ ಎತ್ತಿ ಕುಡಿದರು.