ಭಾವನ ಗಾಡಿಯ ಟ್ಯಾಂಕಿನ ಮುಚ್ಚಳ

ಗಾಡಿ ನಿಂತುಹೋದರೆ ನಮ್ಮ ಕಡೆಯವರು ಮೊದಲು ಮಾಡುವ ಕೆಲಸ ಅದನ್ನು ಅಲ್ಲಾಡಿಸುವುದು. ಹ್ಯಾಂಡಲ್ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ, ಟ್ಯಾಂಕಿಗೆ ಕಿವಿಗೊಟ್ಟು, ಒಳಗೆ ಪೆಟ್ರೋಲ್ ಕುಲುಕುವ ಸದ್ದು ಕೇಳುತ್ತಾರೆ. ತೆಂಗಿನಕಾಯಿ ಆರಿಸುವಾಗಲೂ ನಾವು ಹೀಗೆಯೇ ಮಾಡುವುದರಿಂದ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಕಾಯಿಯಲ್ಲಿ ಸದ್ದು ಬಂದರೆ ಕಾಯಿ ಚೆನ್ನಾಗಿದೆ ಎಂದರ್ಥ. ಗಾಡಿಯಲ್ಲಿ ಸದ್ದು ಬಂದರೆ ಮಾತ್ರ ತೊಂದರೆ ಶುರು. ಪೆಟ್ರೋಲ್ ಮುಗಿದು ನಿಂತ ಗಾಡಿಗೆ ಪೆಟ್ರೋಲ್ ಹಾಕಿದರಾಯಿತು. ಪೆಟ್ರೋಲ್ ಇದ್ದೂ ನಿಂತ ಗಾಡಿಗೆ ಏನು ಹಾಕುವುದು?

ಈ ಪ್ರಶ್ನೆ ನನಗೆ ಎದುರಾದದ್ದು ಭೀಮನ ಅಮಾವಾಸ್ಯೆಯ ಹಿಂದಿನ ದಿನ, ಕಡೂರು ಇನ್ನೇನು ಬಂತು ಅನ್ನುವಾಗ. ಹಿಂದಿನ ಸೀಟಿನಲ್ಲಿ ಅಕ್ಕ ಒಂದೇ ಕಡೆ ಕಾಲು ಹಾಕಿ ಕೂತಿದ್ದಳು. ಗಾಡಿ ಭಾವನದು. ಭಾವ ಹೋಗಿ ಇನ್ನೆರಡು ದಿನಕ್ಕೆ ಒಂದು ವರ್ಷ.

ನಾನು ಯಗಟಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಕರೆಂಟ್ ಬಂದರೆ ನನ್ನ ಗಿರಣಿ ತಿರುಗುತ್ತದೆ, ಹೋದರೆ ನಿಲ್ಲುತ್ತದೆ. ನಿಂತಾಗ ನಾನು ಬಾಗಿಲ ಹತ್ತಿರ ಬಂದು ಕೂರುತ್ತೇನೆ, ಬಂದಾಗ ಎದ್ದು ಒಳಗೆ ಹೋಗುತ್ತೇನೆ. ಮೂವತ್ತು ವರ್ಷ ಯಂತ್ರದ ಜೊತೆ ಬದುಕಿದ್ದರೂ ಯಂತ್ರ ಯಾಕೆ ನಿಂತಿತು ಎಂದು ಹುಡುಕುವ ಅಭ್ಯಾಸ ನನಗಾಗಲಿಲ್ಲ. ಅದೆಲ್ಲ ಭಾವನ ಇಲಾಖೆ. "ಏನಪ್ಪಾ ಭಾಮೈದ, ನಿನ್ ಗಿರಣೀಗೆ ನೀನಿದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದು ಅವರು ಆಡಿಕೊಳ್ಳುತ್ತಿದ್ದರು. ನಾನು ಒಪ್ಪಿಕೊಳ್ಳುತ್ತಿದ್ದೆ.

ಮದುವೆ, ನಾಮಕರಣ, ಸಾವು ಯಾವುದೇ ಇರಲಿ, ನಮ್ಮ ಎರಡೂ ಮನೆಯ ಕರೆಯುವ ಕೆಲಸ ಭಾವನದೇ ಆಗಿತ್ತು. ಫೋನಿನಲ್ಲಿ ಕರೆದರೆ ಅದು ಕರೆದಂತಲ್ಲ ಎಂಬುದು ಅವರ ಸಿದ್ಧಾಂತ. ಹಳೆಯ ಗಾಡಿಯ ಮೇಲೆ ಅಕ್ಕನನ್ನು ಕೂರಿಸಿಕೊಂಡು ಕಡೂರು, ಬೀರೂರು, ಅಜ್ಜಂಪುರ, ತರೀಕೆರೆ ಎಲ್ಲ ಸುತ್ತಿ, ಹೋದ ಮನೆಯಲ್ಲೆಲ್ಲ ಮಂಡಕ್ಕಿ ತಿಂದು ಬರುತ್ತಿದ್ದರು. ಈಗ ಅವರದೇ ವರ್ಷದ ಕಾರ್ಯಕ್ಕೆ ಕರೆಯಬೇಕಾಗಿತ್ತು. ಅಕ್ಕ ಇವತ್ತು ಬೇಡ, ನಾಳೆ ಹೋಗಾನ ಎನ್ನುತ್ತಲೇ ಆಷಾಢ ಕಳೆದಳು. ಕೊನೆಗೆ ಉಳಿದದ್ದು ಒಂದೇ ದಿನ. ಮಾರನೇ ದಿನ ಹೆಂಗಸರು ಗಂಡನ ಪಾದಪೂಜೆ ಮಾಡುವ ದಿನ. ಆವತ್ತು ಅಕ್ಕ ಯಾರ ಮನೆ ಬಾಗಿಲಿಗೂ ಹೋಗುವವಳಲ್ಲ. ಅದರ ಮಾರನೇ ದಿನವೇ ಕಾರ್ಯ.

ಕಾರು ಮಾಡಿಕೊಂಡು ಹೋಗೋಣ ಎಂದೆ.

"ಕಾರಲ್ಲಿ ಹೋದ್ರೆ ಯಾರೋ ಬಂದ್ರು ಅಂತ ಕೂತೇ ಇರ್ತಾರೆ ಕಣೋ. ಈ ಗಾಡಿ ಸದ್ದಿಗೆ ಅವರಾಗೇ ಎದ್ದು ಬತ್ತಾರೆ. ಅವರ ಕಾರ್ಯಕ್ಕೆ ಅವರ ಗಾಡೀಲೇ ಕರೀಬೇಕು" ಎಂದಳು.

ಕರೆಯಬೇಕಾದ ಮನೆಗಳಲ್ಲಿ ಮುಖ್ಯವಾದದ್ದು ಕೊನೆಯದು. ತರೀಕೆರೆ ಸಿಗುವ ಮೊದಲೇ ಒಂದು ಸಣ್ಣ ಊರಿನಲ್ಲಿ ಭಾವನ ಚಿಕ್ಕಮ್ಮ ಇದ್ದಾರೆ. ತಾಯಿ ಇಲ್ಲದ ಭಾವನನ್ನು ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದವರು ಅವರೇ. ಅವರ ಬಾಗಿಲಲ್ಲಿ ನಿಂತು ಕರೆಯದೆ ಕಾರ್ಯ ಮಾಡುವುದು ಅಕ್ಕನಿಗೆ ಸಾಧ್ಯವಿರಲಿಲ್ಲ. ಅದೂ ದೀಪ ಹಚ್ಚುವುದರೊಳಗೆ ಕರೆಯಬೇಕು. ದೀಪ ಹಚ್ಚಿದ ಮನೆಯಲ್ಲಿ ಸಾವಿನ ಕಾರ್ಯದ ಮಾತು ಎತ್ತಬಾರದೆಂಬುದು ನಮ್ಮ ಕಡೆಯ ಕಟ್ಟಳೆ.

ಆದ್ದರಿಂದ ಗಾಡಿ ಗುಟುರು ಹಾಕಿ, ಕೆಮ್ಮಿ, ನಿಂತಾಗ ನಾನು ಮೊದಲು ನೋಡಿದ್ದು ಸೂರ್ಯನನ್ನು. ಅಲ್ಲಾಡಿಸಿದೆ. ಸದ್ದು ಬಂತು. ನಂಬಿಕೆ ಸಾಲದೆ ಮುಚ್ಚಳ ತೆಗೆದೆ. ಉಸ್ಸ್ ಎಂದಿತು. ಒಳಗೆ ಇಣುಕಿದರೆ ಅರ್ಧ ಟ್ಯಾಂಕ್ ಪೆಟ್ರೋಲ್ ಫಳಫಳ ಹೊಳೆಯುತ್ತಿತ್ತು. ಮುಚ್ಚಿ, ಕಿಕ್ಕರ್ ಒದ್ದೆ. ಏನೂ ಆಗಿಲ್ಲದವರ ಹಾಗೆ ಶುರುವಾಯಿತು. ಡಾಕ್ಟರ ಮುಖ ನೋಡಿದ ಕೂಡಲೇ ಜ್ವರ ಬಿಡುವ ಕೆಲವರಿದ್ದಾರಲ್ಲ, ಹಾಗೆ.

ಕಡೂರಿನ ಬಂಕಿನವನು ಪ್ಲಗ್ ಹೋಗಿದೆ ಎಂದ. ಪ್ಲಗ್ ಹೋದರೆ ಪೆಟ್ರೋಲ್ ಬಂಕಿನವನು ಮಾಡುವುದೇನು? ಟ್ಯಾಂಕ್ ತುಂಬಾ ತುಂಬಿಸಿ ಕಳಿಸಿದ. ಹೊಟ್ಟೆ ತುಂಬಿದ ಗಾಡಿ ಇನ್ನು ನಿಲ್ಲಲಾರದೆಂದು ನಾನೂ ನಂಬಿದೆ. ಬೀರೂರು ದಾಟುತ್ತಲೇ ಮೊದಲಿಗಿಂತ ಬೇಗ ನಿಂತಿತು. ಮತ್ತೆ ಅಲ್ಲಾಡಿಸಿ, ಮುಚ್ಚಳ ತೆಗೆದು, ಇಣುಕಿ, ಮುಚ್ಚಿ, ಒದ್ದು, ಹೊರಟು, ಮತ್ತೆ ನಿಂತು, ಅಜ್ಜಂಪುರ ತಲುಪುವ ಹೊತ್ತಿಗೆ ಬಿಸಿಲು ವಾಲಿತ್ತು.

ಅಲ್ಲಿ ಭಾವನ ಗೆಳೆಯ ಪರಮೇಶಣ್ಣನ ಗೊಬ್ಬರದ ಅಂಗಡಿ. ಅಕ್ಕ ಹೇಳಿದ ಹಾಗೇ ಆಯಿತು. ಸದ್ದು ಕೇಳಿದ್ದೇ ತಡ, "ಬಂದ್ಯಾ ಮಾರಾಯ" ಎನ್ನುತ್ತಾ ಅವರು ಅಂಗಡಿಯಿಂದ ಎದ್ದು ಬಂದರು. ಮೆಟ್ಟಿಲ ಮೇಲೆ ಬಂದು ನನ್ನ ಮುಖ ನೋಡಿ ನಿಂತುಬಿಟ್ಟರು. ಆಮೇಲೆ ಕೆಳಗಿಳಿದು, ನನ್ನ ಕೈ ಹಿಡಿಯುವ ಬದಲು ಹ್ಯಾಂಡಲ್ ಹಿಡಿದುಕೊಂಡರು. ಕರೆಯುವ ಮಾತನ್ನು ಕಡೂರಿನ ನೆಂಟರ ಮನೆಯಲ್ಲಿ ಆಡಿದ ಹಾಗೆ ಇಲ್ಲಿಯೂ ನಾನೇ ಆಡಿದೆ. ಅಕ್ಕ ಸೆರಗು ಹೊದ್ದು ಪಕ್ಕದಲ್ಲಿ ನಿಂತಿದ್ದಳು. ಅವಳಿಗೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೇ ತಿಂಗಳೆಲ್ಲ ಮುಂದೂಡಿದ್ದು ಎಂದು ನನಗೆ ಅಲ್ಲಿ ಹೊಳೆಯಿತು.

ಗಾಡಿಯ ಕಥೆ ಕೇಳಿ ಪರಮೇಶಣ್ಣ, "ಪೆಟ್ರೋಲಿಗೆ ಏನೋ ಬೆರೆಸವ್ರೆ" ಎಂದರು. ಗೊಬ್ಬರ ಮಾರುವವರಿಗೆ ಬೆರಕೆಯ ಅನುಮಾನ ಸಹಜ. ಅವರು ಕರೆಸಿದ ಮೆಕ್ಯಾನಿಕ್ಕು ಕಾರ್ಬೊರೇಟರ್ ಬಿಚ್ಚಿ, ತೊಳೆದು, ಅಂಗೈಯಲ್ಲಿ ನಾಲ್ಕು ಕಾಳು ಮರಳು ತೋರಿಸಿ, "ಇದೇ ನೋಡಿ ಸಾರ್ ಕಳ್ಳ" ಎಂದ. ಬಸ್ ಸ್ಟ್ಯಾಂಡ್ ಸುತ್ತ ಒಂದು ಸುತ್ತು ಹೊಡೆದು ತೋರಿಸಿದ. ಒಂದು ಸುತ್ತಿಗೇನು, ಗಾಡಿ ಚೆನ್ನಾಗಿಯೇ ಓಡಿತು. ಹಿಂದಿನ ವರ್ಷ ಅಕ್ಕ ಊಟ ಬಿಟ್ಟು ಕೂತಾಗಲೂ ಹೀಗೆಯೇ ನೆಂಟರೆಲ್ಲ ಬಂದು ಬಂದು ಕಾರಣ ಹೇಳಿದ್ದರು. ಟಾನಿಕ್ ತರಿಸಿದವರಿದ್ದರು, ಮಠಕ್ಕೆ ಕರೆದುಕೊಂಡು ಹೋದವರಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಔಷಧಿ ಇತ್ತು, ಆ ಔಷಧಿಗೆ ತಕ್ಕ ಕಾಯಿಲೆ ಅಕ್ಕನಿಗೆ ಬಂದಿತ್ತು.

ತರೀಕೆರೆ ರಸ್ತೆಯಲ್ಲಿ ಗಾಡಿ ಮತ್ತೆ ನಿಂತಾಗ ಸೂರ್ಯ ತೋಟದ ತೆಂಗಿನ ಮರಗಳ ನಡುವಿಗೆ ಇಳಿದಿದ್ದ. ಗಾಳಿ ಜೋರಾಗಿತ್ತು. ನಾನು ಮುಚ್ಚಳಕ್ಕೆ ಕೈ ಹಾಕಿದೆ.

"ತಡಿ" ಎಂದಳು ಅಕ್ಕ. ಟ್ಯಾಂಕಿನ ಹತ್ತಿರ ಬಗ್ಗಿದಳು. "ಈಗ ತೆಗಿ."

ಉಸ್ಸ್ ಎಂದಿತು.

"ಲೇ ತಮ್ಮ, ಇಪ್ಪತ್ತೇಳು ವರ್ಷ ಇದರ ಹಿಂದೆ ಕೂತಿದೀನಿ. ಅವರು ಮುಚ್ಚಳ ತೆಗ್ದಾಗ ಒಂದ್ ದಿನಾನೂ ಹಿಂಗಂದಿದ್ದು ಕೇಳಿಲ್ಲ. ಬೆಳಿಗ್ಗೆಯಿಂದ ಇದು ಉಸಿರೆಳೀತಾ ಐತೆ."

"ಗಾಡಿ ಯಾಕಕ್ಕಾ ಉಸಿರೆಳೆಯುತ್ತೆ?"

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿದ್ರೆ ಸುರೀತೈತೇನೋ? ಇನ್ನೊಂದು ಕಡೆ ಗಾಳಿ ಹೋಗಕ್ಕೆ ತೂತು ಬೇಡ್ವಾ? ಅದ್ಕೇ ತುಂಬಾ ತುಂಬಿಸಿದ್ ಮೇಲೆ ಒಳಗಿದ್ದ ಗಾಳೀನೂ ಹೋಗಿ ಇನ್ನೂ ಬೇಗ ನಿಂತಿದ್ದು. ಗಿರಣಿ ನಡೆಸ್ತೀಯ, ಇಷ್ಟು ಗೊತ್ತಾಗಲ್ವಾ ನಿನಗೆ?"

ಮುಚ್ಚಳವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಬೀಗದ ಕೈ ಹಾಕುವ ಜಾಗದ ಪಕ್ಕ ಸಾಸಿವೆ ಗಾತ್ರದ ಒಂದು ತೂತು. ಅದರೊಳಗೆ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಉಗುರಲ್ಲಿ ಕೆರೆದು ಮೂಸಿದಳು.

"ವಿಭೂತಿ. ಇದಕ್ಯಾರೋ ಹಚ್ಚಿದ್ದು?"

ಭಾವ ಹೋದ ಆ ವರ್ಷ ಮನೆಯಲ್ಲಿ ಯಾವ ಹಬ್ಬವೂ ಇರಲಿಲ್ಲ. ಅಕ್ಕನೇ ಬೇಡ ಎಂದಿದ್ದಳು. ಆಯುಧಪೂಜೆಯ ಬೆಳಿಗ್ಗೆ ಭಾವನ ಗಾಡಿ ಕೊಟ್ಟಿಗೆಯಲ್ಲಿ ಹಾಗೇ ನಿಂತದ್ದನ್ನು ನೋಡಲಾರದೆ, ನಾನು ಯಾರಿಗೂ ಹೇಳದೆ ತೊಳೆದೆ. ಭಾವ ಹೊರಡುವ ಮೊದಲು ಟ್ಯಾಂಕಿನ ಮುಚ್ಚಳದ ಮೇಲೆ ಒಮ್ಮೆ ಕೈ ಇಟ್ಟು ಆಮೇಲೆ ಗಾಡಿ ಹತ್ತುತ್ತಿದ್ದರು. ಅವರು ಕೈ ಇಡುತ್ತಿದ್ದ ಜಾಗವೆಂದು ಅಲ್ಲಿಗೇ ವಿಭೂತಿ ಕಲಸಿ ಮೂರು ಬೆರಳು ಎಳೆದೆ. ಅಳಿಸಿ ಹೋಗದಿರಲಿ ಎಂದು ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತಿದೆ. ಸಂಜೆ ಅಕ್ಕನ ಭಯಕ್ಕೆ ಒರೆಸಿಬಿಟ್ಟೆ. ಒಳಗೆ ಹೋದದ್ದು ಒಳಗೇ ಉಳಿದು ಕಲ್ಲಾಗಿತ್ತು. ಆಮೇಲೆ ಗಾಡಿ ಓಡಿದ್ದು ಮನೆಯಿಂದ ಗಿರಣಿಗೆ ಮಾತ್ರ, ಅಷ್ಟು ಹತ್ತಿರದ ಓಡಾಟದಲ್ಲಿ ಅದರ ಉಸಿರು ಕಟ್ಟಿದ್ದು ನನಗೆ ತಿಳಿಯಲಿಲ್ಲ.

ಇಷ್ಟನ್ನೂ ರಸ್ತೆ ಬದಿಯಲ್ಲಿ ನಿಂತು ಹೇಳಿದೆ. ತೂತು ಬಿಡಿಸಲು ಪಿನ್ನಿಗಾಗಿ ಅಕ್ಕನ ಕೈ ಕತ್ತಿಗೆ ಹೋಯಿತು. ತಾಳಿ ಸರಕ್ಕೆ ಅವಳು ಯಾವಾಗಲೂ ಎರಡು ಪಿನ್ನು ಸಿಕ್ಕಿಸಿರುತ್ತಿದ್ದಳು. ಕೈ ಅಲ್ಲಿ ಏನೂ ಸಿಗದೆ ಒಂದು ಗಳಿಗೆ ನಿಂತಿತು. ಆಮೇಲೆ ಹೆಗಲಿಗೆ ಹೋಗಿ, ಸೆರಗಿನ ಪಿನ್ನು ಬಿಚ್ಚಿಕೊಂಡಿತು. ತೂತನ್ನು ನಿಧಾನವಾಗಿ ಕೆದಕಿದಳು, ಉಫ್ ಎಂದು ಊದಿದಳು. ಬೆರಳಿಗೆ ಅಂಟಿದ ಪುಡಿಯನ್ನು ಒರೆಸಿ ಬಿಸಾಡದೆ ಹಣೆಗೆ ಹಚ್ಚಿಕೊಂಡಳು.

"ಪೂಜೆ ಮಾಡಿ ಮಾಡಿ ಉಸಿರು ಕಟ್ಟಿಸಿದೀಯಲ್ಲೋ" ಎಂದಳು. ನಗುತ್ತಿದ್ದಳು. ವರ್ಷದ ಮೇಲೆ ಆ ನಗು ನೋಡಿದೆ. ಬೈದಿದ್ದರೂ ನನಗೆ ಬೇಸರವಾಗುತ್ತಿರಲಿಲ್ಲ.

ಆಮೇಲೆ ಗಾಡಿ ಎಲ್ಲೂ ನಿಲ್ಲಲಿಲ್ಲ. ಆದರೆ ಹೊತ್ತು ನಮಗಾಗಿ ನಿಂತಿರಲಿಲ್ಲ. ಚಿಕ್ಕಮ್ಮನ ಬೀದಿ ಸೇರುವಾಗ ಎಲ್ಲ ಮನೆಯಲ್ಲೂ ದೀಪ ಉರಿಯುತ್ತಿತ್ತು. ಅಕ್ಕ ಹಿಂದಿನಿಂದ ನನ್ನ ಭುಜ ಗಟ್ಟಿಯಾಗಿ ಹಿಡಿದಳು. ಚಿಕ್ಕಮ್ಮನ ಮನೆ ಮಾತ್ರ ಕತ್ತಲಾಗಿತ್ತು. ಊರಲ್ಲಿ ಇಲ್ಲವೇನೋ ಎಂದುಕೊಂಡು ಗಾಡಿ ನಿಲ್ಲಿಸಿದೆ.

"ಬಂದ್ರೇನೋ" ಎಂದು ಕತ್ತಲೊಳಗಿಂದ ಧ್ವನಿ ಬಂತು. ಜಗಲಿಯ ಮೇಲೆ ಬೆಂಕಿಪೊಟ್ಟಣ ಹಿಡಿದುಕೊಂಡು ಕೂತಿದ್ದರು. "ಪರಮೇಶ ಪಕ್ಕದ ಮನೆಗೆ ಫೋನ್ ಮಾಡಿದ್ದ. ಗಾಡಿ ಕೆಟ್ಟೈತೆ, ಹೊತ್ತಾಯ್ತದೆ ಅಂತ. ಸದ್ದು ಕೇಳೋಗಂಟ ಹಚ್ಚಬಾರ್ದು ಅಂತ ಕೂತಿದೀನಿ. ಬೀದಿಯವರು ಹಚ್ಕಂಡ್ರೆ ನನಗೇನು? ನನ್ ಮನೇಲಿ ಇನ್ನೂ ಹೊತ್ತು ಮುಳುಗಿಲ್ಲ. ಬಂದಿದ್ದು ಹೇಳು ತಾಯಿ."

ನಾನು ಬಾಯಿ ತೆರೆದೆ. ಅಕ್ಕ ನನ್ನನ್ನು ಸರಿಸಿ ಮುಂದೆ ಬಂದಳು. "ನಾಳಿದ್ದು ಅವರ ಕಾರ್ಯ ಚಿಕ್ಕಮ್ಮ. ನೀವು ಬರಬೇಕು" ಎಂದಳು. ಸ್ಪಷ್ಟವಾಗಿ, ಪೂರ್ತಿಯಾಗಿ.

"ಬತ್ತೀನಿ" ಎಂದು ಚಿಕ್ಕಮ್ಮ ಕಡ್ಡಿ ಗೀರಿದರು.

ಈಗ ಮತ್ತೆ ಆಯುಧಪೂಜೆ ಹತ್ತಿರ ಬಂದಿದೆ. ಈ ಸಲ ಹಬ್ಬ ಮಾಡುವುದೆಂದು ಅಕ್ಕ ಹೇಳಿದ್ದಾಳೆ. ಗಾಡಿಯ ಪೂಜೆ ನನ್ನದೇ. ಮುಚ್ಚಳವೊಂದು ಬಿಟ್ಟು ಎಲ್ಲಿ ಬೇಕಾದರೂ ಹಚ್ಚಬಹುದಂತೆ, ಅದೂ ತೆಳ್ಳಗೆ. ಆ ಪಿನ್ನನ್ನು ಅವಳು ಮರಳಿ ಸೆರಗಿಗೆ ಸಿಕ್ಕಿಸಿಕೊಳ್ಳಲಿಲ್ಲ. ಗಾಡಿಯ ಬೀಗದ ಕೈಗೆ ಕಟ್ಟಿದ್ದಾಳೆ. ನಾನೀಗ ಎಲ್ಲಿಗೆ ಹೊರಟರೂ ಒಮ್ಮೆ ಮುಚ್ಚಳ ತೆಗೆದು ಕಿವಿಗೊಡುತ್ತೇನೆ. ಉಸ್ಸ್ ಅನ್ನುವುದಿಲ್ಲ. ಮುಚ್ಚಿ, ಅದರ ಮೇಲೆ ಒಮ್ಮೆ ಕೈ ಇಟ್ಟು, ತೂತು ಮುಚ್ಚದ ಹಾಗೆ ನೋಡಿಕೊಂಡು, ಗಾಡಿ ಹತ್ತುತ್ತೇನೆ.