ಬಾಗಿಲ ಹೊರಗಿನ ಅಕ್ಕೋರು

ರದ್ದಿ ಅಂಗಡಿಯಲ್ಲಿ ಆ ಪುಸ್ತಕಗಳ ಕಟ್ಟು ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ಒಣಗಿದ ಬೇವಿನೆಲೆಯ ವಾಸನೆ. ಹುಳ ಬೀಳದಿರಲೆಂದು ಯಾರೋ ಪುಟಗಳ ನಡುವೆ ಎಲೆ ಇಟ್ಟಿದ್ದರು. ರಟ್ಟಿನ ಮೇಲಿನ ಚಿತ್ರ ಮಾಸಿತ್ತು: ಗುಡ್ಡದ ಹೊಟ್ಟೆಯಲ್ಲೊಂದು ಬಾಗಿಲು, ಅದರ ಮುಂದೆ ಮಕ್ಕಳ ಸಾಲು. ಹಳೆಯ ಪೇಪರು ಮಾರಲು ಹೋದವನು ಆ ಕಟ್ಟನ್ನೇ ಎದೆಗವಚಿಕೊಂಡು ನವನಗರಕ್ಕೆ, ಮಗನ ಮನೆಗೆ ಬಂದೆ.

ಗುಡ್ಡದೊಳಗಿನ ಮಾಯಾ ಶಾಲೆಯೊಂದರ ಕತೆಗಳು ಅವು. ನಾನು ಹುಡುಗನಾಗಿದ್ದಾಗ, ಅರವತ್ತರ ಆಸುಪಾಸಿನಲ್ಲಿ, ಒಂದರ ಹಿಂದೊಂದು ಬಂದಿದ್ದವು. ಆಗ ನಾನು ಅವನ್ನು ಓದಿರಲಿಲ್ಲ, ಕೇಳಿದ್ದೆ. ಓದಿ ಹೇಳಿದವಳು ನನ್ನ ಅಕ್ಕ.

ನಾವಾಗ ಹಳೇ ಹುಬ್ಬಳ್ಳಿಯಲ್ಲಿದ್ದೆವು. ಅವ್ವ ಇರಲಿಲ್ಲ. ಅಪ್ಪ ಹತ್ತಿ ಗಿರಣಿಗೆ ಹೋಗುತ್ತಿದ್ದ. ನಾನು ಮೂರನೆಯ ಇಯತ್ತೆಯಲ್ಲಿ ಮಾಸ್ತರರ ಬೆತ್ತದ ಏಟು ತಿಂದು, ಇನ್ನು ಸಾಲಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲವೆಂದು ಹಟ ಹಿಡಿದು ಬಿಟ್ಟವನು. ಅಪ್ಪ ನನ್ನನ್ನು ಸೈಕಲ್ ರಿಪೇರಿ ಅಂಗಡಿಗೆ ಹಚ್ಚಿದ. ಅಕ್ಕ ಏಳನೆಯ ಇಯತ್ತೆಯಲ್ಲಿದ್ದಳು. ಅದರ ಕೊನೆಗೆ ಮುಲ್ಕಿ ಪರೀಕ್ಷೆ. ಅದು ಪಾಸಾದರೆ ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಮಕ್ಕಳಿಗೆ ಕಲಿಸಬಹುದಿತ್ತು. ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ಅಕ್ಕನಿಗೆ ಅಕ್ಕೋರು ಆಗುವುದೊಂದೇ ಆಸೆ. ಅಪ್ಪ ಅದಕ್ಕೆ ಒಂದು ಕರಾರಿನ ಮೇಲೆ ಒಪ್ಪಿದ್ದ.

"ಸಾಲಿ ಪುಸ್ತಕ ಬಿಟ್ಟು ಬ್ಯಾರೆ ಏನರ ನಿನ್ನ ಕೈಯಾಗ ಕಂಡ್ತಂದ್ರ, ಅವತ್ತಿಗೆ ನಿನ್ನ ಸಾಲಿ ಮುಗೀತು ನೋಡು."

ಆದರೂ ಈ ಕತೆ ಪುಸ್ತಕಗಳು ಗೆಳತಿಯ ಮನೆಯಿಂದ ಅವಳ ಪಾಟಿಚೀಲದ ತಳದಲ್ಲಿ ಅಡಗಿ ಬರುತ್ತಿದ್ದವು. ನಾನು ಅಂಗಡಿಯಿಂದ ಊಟಕ್ಕೆ ಬಂದಾಗ, ಹಿತ್ತಲ ಕಟ್ಟೆಯ ಮೇಲೆ ಓದು. ಎಲ್ಲ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಹಾಜರಿ ಹಿಡಿಯುವಾಗ ಮಕ್ಕಳನ್ನು ಬಿಟ್ಟು ಅವರ ನೆರಳುಗಳನ್ನು ಕೂಗುವ ಮಾಸ್ತರು, ತಪ್ಪು ಉತ್ತರಗಳನ್ನು ಹಕ್ಕಿ ಮಾಡಿ ಕಿಟಕಿಯಿಂದ ಹಾರಿಬಿಡುವ ಲೆಕ್ಕದವರು, ಗಡ್ಡದಲ್ಲಿ ಗುಡುಗು ಸಾಕಿದ್ದ ಹೆಡ್‌ಮಾಸ್ತರು... ಇವರಲ್ಲಿ ಯಾರು ಹೆಚ್ಚು ಎಂದು ನಮ್ಮಿಬ್ಬರಿಗೂ ದಿನಾ ಜಗಳ.

"ಗುಡುಗಿನ ಹೆಡ್‌ಮಾಸ್ತರನ ದೊಡ್ಡಾಂವ," ಅನ್ನುತ್ತಿದ್ದೆ.

"ಒದರಿದ್ರ ದೊಡ್ಡಾಂವ ಆಗತಾನೇನು? ಹಂಗಾದ್ರ ಪಾಳಿಗೊಮ್ಮೆ ಒದರೋ ನಮ್ಮ ಗಿರಣಿ ಭೋಂಗಾನೂ ಹೆಡ್‌ಮಾಸ್ತರನ!"

ಅವಳ ಮೆಚ್ಚಿನವರು ಬಾಗಿಲ ಹೊರಗಿನ ಅಕ್ಕೋರು. ಗುಡ್ಡದ ಬಾಗಿಲು ಮುಚ್ಚಿದ ಮೇಲೆ ಹೊರಗುಳಿದ ಮಕ್ಕಳನ್ನು ಕೂಡಿಸಿಕೊಂಡು ಮಣ್ಣಿನಲ್ಲಿ ಕಡ್ಡಿಯಿಂದ ಅಕ್ಷರ ಬರೆದು ಕಲಿಸುವವರು. ಪುಸ್ತಕದ ಉಳಿದವರೆಲ್ಲ ಭಾಷಣದಂತೆ ಮಾತಾಡಿದರೆ ಇವರೊಬ್ಬರು ನಮ್ಮ ಓಣಿಯವರ ಹಾಗೆ ಮಾತಾಡುತ್ತಿದ್ದರು.

"ಬರ್ರಿ, ಕೂಡ್ರಿ. ಯಾಕ್ರಿ ಅಂಜತೀರಿ? ಒಳಗ ಹ್ವಾದಾವ್ರು ಹೆಂಗರ ಕಲೀತಾರ. ನನಗ ಹೊರಗ ನಿಂತಾವ್ರ ಬೇಕು."

ಚಿಕ್ಕ ಮಕ್ಕಳಿಗೆ ಬರ್ರಿ, ಕೂಡ್ರಿ! ನನಗೆ ಯಾವ ಮಾಸ್ತರರೂ ಹಾಗೆ ಅಂದಿರಲಿಲ್ಲ. ಅಕ್ಕೋರು ಮಣ್ಣಿನಲ್ಲಿ ಬರೆದದ್ದನ್ನೆಲ್ಲ ಅಕ್ಕನೂ ಹಿತ್ತಲ ಮಣ್ಣಿನಲ್ಲಿ ಬರೆಯುತ್ತಿದ್ದಳು. ನಾನು ಅದನ್ನು ಓದಿದರೇನೇ ಕತೆ ಮುಂದೆ ಸಾಗುತ್ತಿತ್ತು. ಒತ್ತಕ್ಷರಗಳು ನನಗೆ ಬಂದದ್ದು ಹೀಗೆ. ಅಕ್ಕೋರು ಬಂದಾಗಲೆಲ್ಲ ಅಕ್ಕ ಬಹಳ ಹೊತ್ತು ಪುಟವನ್ನೇ ತಿರುವುತ್ತಿರಲಿಲ್ಲ. ಅಲ್ಲಿ ಅಕ್ಷರ ಸಣ್ಣವಿರಬೇಕು ಅಂದುಕೊಂಡಿದ್ದೆ.

ಒಂದು ದಿನ ನಾನು ಅಂದೆ, "ನಿನ್ನ ಅಕ್ಕೋರಿಗೆ ಒಂದೂ ಮಂತ್ರ ಬರೂದಿಲ್ಲ. ಅವರೆಂಥಾ ಅಕ್ಕೋರು?"

ಅಕ್ಕನಿಗೆ ಎಂದೂ ಬಾರದ ಸಿಟ್ಟು ಬಂತು. "ಸಾಲಿಗೆ ಅಂಜಿ ಓಡಿ ಬಂದಾಂವ, ಕಲಿಸೋದಂದ್ರ ಏನಂತ ನಿನಗೇನ್ ತಿಳೀತದೋ? ಹೋಗು, ಪಂಕ್ಚರ್ ತಗಿ."

ಖರೇ ಮಾತು. ಅದಕ್ಕೇ ಚುಚ್ಚಿತು. ಸಂಜೆ ಅಪ್ಪ ಗಿರಣಿಯಿಂದ ಬಂದು ಕಾಲು ತೊಳೆಯುತ್ತಿದ್ದಾಗ, ಪಾಟಿಚೀಲದಿಂದ ಆ ಪುಸ್ತಕ ತೆಗೆದು ಅವನ ಮುಂದೆ ಹಿಡಿದೆ. "ಅಪ್ಪಾ, ನೋಡು. ಅಕ್ಕ ಇದನ್ನ ಓದಾಕತ್ತಾಳ."

ಅಪ್ಪ ಕೂಗಾಡಲಿಲ್ಲ. "ಖರೇನು?" ಅಂತ ಅಕ್ಕನನ್ನು ಕೇಳಿದ. ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. "ಹೌದಪ್ಪಾ," ಅಂದಳು. ಅಷ್ಟೇ. ಮರುದಿನ ಪಾಟಿಚೀಲ ಗೂಟದಲ್ಲೇ ನೇತಾಡುತ್ತಿತ್ತು. ಮುಲ್ಕಿಗೆ ಇನ್ನು ಕೆಲವೇ ತಿಂಗಳಿದ್ದವು. ಅಕ್ಕ ಪರೀಕ್ಷೆಗೆ ಕೂಡಲಿಲ್ಲ. ಮುಂದೆ ಗಬ್ಬೂರಿನ ಒಕ್ಕಲು ಮನೆತನಕ್ಕೆ ಕೊಟ್ಟರು. ನಾನು ಹೋದಾಗಲೆಲ್ಲ ಬಿಸಿ ರೊಟ್ಟಿ ಬಡಿದು ಹಾಕಿ, ಅಂಗಡಿ ಹೆಂಗ ನಡದದ ಅಂತ ಕೇಳುತ್ತಿದ್ದಳು. ಆ ಸಂಜೆಯ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಬೇಕು ಎತ್ತಬೇಕು ಅನ್ನುವುದರೊಳಗೆ, ಎರಡನೆಯ ಹೆರಿಗೆಯಲ್ಲಿ ಅವಳು ಹೋದಳು...

ಈಗ ಆ ಪುಸ್ತಕಗಳನ್ನು ನಾನೇ ಬೆರಳಿಟ್ಟು ಓದಿದೆ. ನೆರಳಿನ ಮಾಸ್ತರರಿದ್ದಾರೆ, ಹಕ್ಕಿಯ ಲೆಕ್ಕದವರಿದ್ದಾರೆ, ಗುಡುಗಿನ ಹೆಡ್‌ಮಾಸ್ತರರೂ ಇದ್ದಾರೆ. ಅಕ್ಕೋರು ಇಲ್ಲ. ಪುಟ ಕಳೆದಿರಬಹುದೆಂದು ಪುಟದ ಅಂಕಿಗಳನ್ನು ಸಾಲಾಗಿ ನೋಡಿದೆ, ಎಲ್ಲ ಪುಟಗಳೂ ಇದ್ದವು. ಮತ್ತೊಮ್ಮೆ ಮೊದಲಿನಿಂದ ಓದಿದೆ. ಇದ್ದದ್ದು ಒಂದೇ ಸಾಲು: "ಬಾಗಿಲು ಮುಚ್ಚಿತು, ತಡವಾಗಿ ಬಂದವರು ಹಿಂದಿರುಗಿ ಹೋದರು." ಆ ಒಂದು ಸಾಲಿನಿಂದ ಅಕ್ಕ ಅವರನ್ನು ಹುಟ್ಟಿಸಿದ್ದಳು.

ಪುಸ್ತಕದಲ್ಲೆಲ್ಲ ಉಪಾಧ್ಯಾಯರು, ಉಪಾಧ್ಯಾಯಿನಿಯರು. ಅಕ್ಕೋರು ಅನ್ನುವ ಶಬ್ದವೇ ಇಲ್ಲ. ದಕ್ಷಿಣದ ಕಡೆ ಅಚ್ಚಾದ ಪುಸ್ತಕದಲ್ಲಿ ಯಾರು ಬರ್ರಿ, ಕೂಡ್ರಿ ಅಂತಾರೆ? ಆಗ ನನಗೆ ಅದು ಹೊಳೆಯಲೇ ಇಲ್ಲ. ಇನ್ನೂ ಮುಲ್ಕಿ ಕಟ್ಟದ ಹುಡುಗಿ, ಅಚ್ಚಿನ ಸಾಲಿನಿಂದ ಕಣ್ಣು ಕೀಳದೆ, ಒಂದೆಡೆಯೂ ತಡವರಿಸದೆ, ಅಲ್ಲಿ ಇಲ್ಲದ್ದನ್ನು ಓದುತ್ತಿದ್ದಳು. ಎರಡನೆಯ ಸಲ ಓದಿದಾಗಲೂ ಒಂದು ಮಾತು ಆಚೀಚೆ ಆಗುತ್ತಿರಲಿಲ್ಲ. ಆ ಪುಸ್ತಕಗಳನ್ನು ತನ್ನ ಹುಚ್ಚಿಗೆ ತರುತ್ತಾಳೆಂದು ತಿಳಿದಿದ್ದೆನಲ್ಲ... ತಮ್ಮನಿಗೆ ಅಕ್ಷರ ಕಲಿಸಾಕತ್ತೇನಿ ಅಂತ ಆ ಸಂಜೆ ಒಂದು ಮಾತು ಅಂದಿದ್ದರೆ ಅಪ್ಪ ಕರಗುತ್ತಿದ್ದನೇನೋ. ನಾನು ಸಾಲಿ ಬಿಟ್ಟದ್ದಕ್ಕೆ ಅಪ್ಪನಿಗೆ ನನ್ನ ಮೇಲೆ ಇನ್ನೂ ಸಿಟ್ಟಿತ್ತು. ಹೇಳಿದ್ದರೆ ಅದೆಲ್ಲ ಮತ್ತೆ ಮೇಲೆದ್ದು ನನಗೆ ಏಟು ಬೀಳುತ್ತಿತ್ತು. ಅದಕ್ಕೇ ಅವಳು ಹೇಳಲಿಲ್ಲ ಅಂತ ಈಗ ಅನ್ನಿಸುತ್ತದೆ.

ಮೊನ್ನೆ ಮೊಮ್ಮಗಳಿಗೆ ಓದಿ ಹೇಳುತ್ತಿದ್ದೆ. ಬಾಗಿಲು ಮುಚ್ಚುವ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಲ್ಲಿಸಿ, ಅಕ್ಕೋರನ್ನು ಕರೆದುಕೊಂಡು ಬಂದೆ. ಹುಡುಗಿ ಪುಸ್ತಕದೊಳಗೆ ಇಣುಕಿದಳು.

"ಅಜ್ಜಾ, ಇಲ್ಲೆ ಹಂಗಿಲ್ಲ! ನೀ ಏನೇನೋ ಓದಾಕತ್ತಿ."

"ಅದು ನಮ್ಮಕ್ಕ ಹೇಳಿದ್ದವಾ."

"ಹಂಗಾರ ನಿಮ್ಮಕ್ಕ ಅಕ್ಕೋರು ಇದ್ರೇನು?"

"ಆಗಬೇಕಂತಿದ್ಲು... ನಾ ಆಗಗೊಡಲಿಲ್ಲ."

"ಯಾಕಜ್ಜಾ?"

ಈ ಪ್ರಶ್ನೆ ಕೇಳಬೇಕಾಗಿದ್ದವಳು ಎಂದೂ ಕೇಳಲಿಲ್ಲ. ಖರೇ ಸಂಗತಿ ತಿಳಿಸೋಣವೆಂದರೆ ಅಪ್ಪನೂ ಈಗ ಇಲ್ಲ. ಪುಸ್ತಕ ಮಗ್ಗುಲಿಗಿಟ್ಟು, ಎರಡನೆಯ ಇಯತ್ತೆಯ ಆ ಹುಡುಗಿಯ ಮುಂದೆ, ಆ ಸಂಜೆ ನಾನು ಮಾಡಿದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದೆ.